ಚಪ್ಪಲಿ ಬಿಡದ ದುರುಗವ್ವ

ದಾವಣಗೆರೆಯ ವಿನೋಬನಗರದಲ್ಲಿ ದುರುಗವ್ವನ ಮನೆ ಯಾವುದು ಅಂತ ಕೇಳಿ ನೋಡಿ, "ಯಾವ ದುರುಗವ್ವ?" ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಜನರೇಟರ್ ದುರುಗವ್ವ ಅಂದರೆ ಸಾಕು, ಕರೆದುಕೊಂಡು ಹೋಗಿ ಬಾಗಿಲಿಗೇ ಬಿಟ್ಟು ಬರುತ್ತಾರೆ. ನಾಮಕರಣವೋ, ಸೀಮಂತವೋ, ಗೃಹಪ್ರವೇಶವೋ, ಯಾವುದಾದರೂ ಆಗಲಿ, ನಡುವೆ ಕರೆಂಟು ಕೈಕೊಟ್ಟರೆ ಮಾನ ಹೋದೀತು ಅಂತ ಹೆದರಿದವರು ಮೊದಲು ಹುಡುಕುವುದು ಅವಳನ್ನೇ. ಐವತ್ತೆರಡು ವರ್ಷದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಎಳೆದು ಪೆಟ್ರೋಲ್ ಮಷಿನ್ನು ಚಾಲೂ ಮಾಡುವುದನ್ನು ನೋಡಲೆಂದೇ ಕೆಲವರು ನಿಂತುಬಿಡುತ್ತಾರೆ.

ಅವಳ ವಿಳಾಸ ಹೇಳುವವರು ಜೊತೆಗೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ. "ಕೆಲಸ ಚೊಕ್ಕ ಐತ್ರಿ. ಬಾಯಿ ಮಾತ್ರ ಜೋರು. ಮತ್ತೆ ಚಪ್ಪಲಿ ಬಿಡಾದಿಲ್ಲ, ಮೊದಲೇ ಹೇಳೀನಿ."

ಬಿಡುವುದಿಲ್ಲ ಅಂದರೆ ಬಿಡುವುದೇ ಇಲ್ಲ. ಮನೆಯಲ್ಲಿ ಪೂಜೆ ನಡೆಯುತ್ತಿರುತ್ತದೆ, ಅಂಗಳಕ್ಕೆಲ್ಲ ರಂಗೋಲಿ ಹಾಕಿರುತ್ತಾರೆ, ಬಂದವರೆಲ್ಲ ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ಬರುತ್ತಾರೆ. ಇವಳು ಮಾತ್ರ ದಪ್ಪ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡೇ ಮಷಿನ್ನಿನ ಹತ್ತಿರ ಓಡಾಡುತ್ತಾಳೆ. ಎಸ್.ಎಸ್. ಬಡಾವಣೆಯ ಒಂದು ಗೃಹಪ್ರವೇಶದಲ್ಲಿ ಮನೆಯ ಹಿರಿಯರೊಬ್ಬರು ಗದರಿದ್ದರು. "ಏನಮ್ಮಾ, ಮಷಿನ್ನಿಗೆ ಕುಂಕುಮ ಹಚ್ಚೀವಿ, ಹೂವಿನ ಹಾರ ಹಾಕೀವಿ, ನೀನು ಚಪ್ಪಲಿ ಕಾಲಲ್ಲಿ ಹೋಗಿ ಮುಟ್ತೀಯಲ್ಲ!" ದುರುಗವ್ವ ಸುಮ್ಮನಾಗುವ ಪೈಕಿಯೇ? "ಅಜ್ಜಾರೇ, ದೇವರ ಕೋಣೆಗೆ ಬಂದಾಗ ಬಿಡ್ತೀನಿ. ಇದರ ಹತ್ರ ಬಿಡಾಕೆ ಹೇಳಬ್ಯಾಡ್ರಿ. ನೀವೂ ಬರಿಗಾಲಲ್ಲಿ ಇತ್ಲಾಗೆ ಬರಬ್ಯಾಡ್ರಿ, ಅಲ್ಲೇ ನಿಂದ್ರಿ."

ಅದೇ ಮನೆಯಲ್ಲಿ ಇನ್ನೊಂದು ರಂಪ. ಮನೆಯವರ ಕಡೆಯ ಯಾರೋ ಜಾಣ ಎರಡೂ ತುದಿಗೆ ಪಿನ್ನು ಕಟ್ಟಿದ ವೈರೊಂದನ್ನು ತಂದ. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಒಂದೇ ಏಟಿಗೆ ಕರೆಂಟು ಅಂತ ಅವನ ಲೆಕ್ಕಾಚಾರ. ದುರುಗವ್ವ ಆ ವೈರನ್ನು ಕೈಗೆ ತಗೊಂಡಳು, ಕಟಿಂಗ್ ಪ್ಲೇಯರಿನಿಂದ ನಡುವೆ ಕತ್ತರಿಸಿದಳು, ಎರಡು ತುಂಡನ್ನೂ ಅವನ ಕೈಗೇ ಇಟ್ಟಳು. "ಇಲ್ಲಿಂದ ಕರೆಂಟು ಮನೇಲೇ ನಿಲ್ಲಾದಿಲ್ಲಪ್ಪಾ. ಮೀಟರ್ ದಾಟಿ ಕಂಬದ ತನಕ ಹೋಗ್ತತಿ. ಲೈನ್ ಆಫ್ ಐತೆ ಅಂತ ನಂಬಿ ಕಂಬ ಹತ್ತಿರೋ ಲೈನ್‌ಮನ್ನು ಯಾರ ಮನೆ ಮಗ?" ಫ್ಯಾನಿಗೆ, ಮೈಕಿಗೆ, ಮಿಕ್ಸಿಗೆ ಬೇರೆ ಬೇರೆ ವೈರು ಎಳೆದು, ಮನೆಯ ಲೈನಿಗೆ ಒಂದು ಎಳೆಯೂ ತಾಗದ ಹಾಗೆ ಕೆಲಸ ಮುಗಿಸಿಕೊಂಡೇ ಅವಳು ಬಂದದ್ದು.

ಊರನ್ನೆಲ್ಲ ಹೀಗೆ ಹೆದರಿಸಿಕೊಂಡು ತಿರುಗುವ ಈ ದುರುಗವ್ವನಿಗೆ ಮನೆಯಲ್ಲಿ ಮಾತ್ರ ಒಬ್ಬರ ಮುಂದೆ ಮಾತು ನಡೆಯುತ್ತಿರಲಿಲ್ಲ. ಅವನೇ ಗಂಡ ನಿಂಗಪ್ಪ.

ನಿಜ ಹೇಳಬೇಕೆಂದರೆ ಈ ಕೆಲಸ ನಿಂಗಪ್ಪನದು. ಲೋಕಿಕೆರೆಯಿಂದ ಪೇಟೆಗೆ ಬಂದು, ಹತ್ತು ವರ್ಷ ಅವರಿವರ ಶಾಮಿಯಾನ ಕಟ್ಟಿ, ಕೊನೆಗೊಂದು ದಿನ ಸ್ವಂತದ್ದೊಂದು ಜನರೇಟರು ತಂದವನು. ಅವತ್ತು ಅವನ ತಾಯಿ ಕಾಟಮ್ಮ ಮಷಿನ್ನಿಗೆ ಆರತಿ ಎತ್ತಿ, ಮಗನ ಕೈಯನ್ನು ಅದರ ಮೇಲಿಡಿಸಿ ಆಣೆ ತಗೊಂಡಿದ್ದಳು. "ಇದು ನಮಗೆ ಅನ್ನ ಹಾಕೋ ದೇವರಪ್ಪಾ. ಚಪ್ಪಲಿ ಕಾಲಲ್ಲಿ ಯಾವತ್ತೂ ಮುಟ್ಟಬ್ಯಾಡ." ಮುದುಕಿ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆಣೆ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಮಳೆಗಾಲವಿರಲಿ, ಕೆಸರಿರಲಿ, ನಿಂಗಪ್ಪ ಚಪ್ಪಲಿಯನ್ನು ಎರಡು ಮಾರು ದೂರ ಬಿಟ್ಟು, ಮಷಿನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹಗ್ಗ ಎಳೆಯುತ್ತಿದ್ದ.

ಆರು ವರ್ಷದ ಹಿಂದೆ ಹರಿಹರದ ಹಾಲೇಶಪ್ಪನವರ ಮನೆಯಲ್ಲಿ ದೊಡ್ಡ ಮಗಳ ಮದುವೆಯ ಚಪ್ಪರ. ಅಡುಗೆಗೆ ಸಹಾಯ ಮಾಡಲು ದುರುಗವ್ವನೂ ಹೋಗಿದ್ದಳು. ಆಗಷ್ಟೇ ನೀರು ಹೊಯ್ದು ತೊಳೆದ ಅಂಗಳ. ಮಷಿನ್ನಿಗೆ ಅರ್ಥಿಂಗ್ ಕೊಡಲು ರಾಡು ಹೊಡೆಯಬೇಕಿತ್ತು. ರಂಗೋಲಿ ಹಾಕಿದ ಶುಭದ ಅಂಗಳದಲ್ಲಿ ಕಬ್ಬಿಣದ ಗೂಟ ಹೊಡೀತೀರಾ ಅಂತ ಹೆಣ್ಣುಮಕ್ಕಳು ಮುಖ ಸಿಂಡರಿಸಿದರು, ನಿಂಗಪ್ಪ ಹೋಗಲಿ ಬಿಡು ಅಂದುಕೊಂಡ. ಹೋಗಲಿ ಬಿಡು ಅನ್ನುವ ಆ ಒಂದು ಮಾತಿಗೆ ಏನು ಬೆಲೆ ತೆತ್ತರು, ಅಯ್ಯೋ! ಮಷಿನ್ನು ಓಡುತ್ತಿತ್ತು. ಯಾವಾಗಿನಿಂದಲೋ ಉಜ್ಜಿ ಉಜ್ಜಿ ರಬ್ಬರು ಸವೆದ ವೈರೊಂದು ಅದರ ಕಬ್ಬಿಣದ ಚೌಕಟ್ಟಿಗೆ ತಾಗಿ ಕೂತಿತ್ತು. ನಿಂಗಪ್ಪ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಭಕ್ತಿಯಿಂದ ಬಲಗೈ ಚಾಚಿದ. ಕೈ ಹಿಡಿದದ್ದು ಬಿಡಲಿಲ್ಲ.

ದುರುಗವ್ವ ಕಿರುಚಿಕೊಂಡು ಅವನನ್ನು ಎಳೆಯಲು ಓಡಿದಳು. ಅಡುಗೆಯ ಓಬವ್ವ ಅವಳ ಜಡೆ ಹಿಡಿದು ಹಿಂದಕ್ಕೆಳೆದು ನೆಲಕ್ಕೆ ಕೆಡವಿದಳು, ಇಲ್ಲವಾದರೆ ಅವತ್ತು ಎರಡು ಹೆಣ ಬೀಳುತ್ತಿದ್ದವು. ಬೂಟು ಹಾಕಿದ್ದ ಬ್ಯಾಂಡಿನವನೊಬ್ಬ ಡ್ರಮ್ಮು ಬಾರಿಸುವ ಕೋಲಿನಿಂದ ಸ್ವಿಚ್ಚಿಗೆ ಹೊಡೆದು ಮಷಿನ್ನು ನಿಲ್ಲಿಸಿದ. ನಿಂಗಪ್ಪ ಬದುಕಿದ. ಬಲಗೈಯ ಎರಡು ಬೆರಳು ಹೋದವು, ಉಳಿದವಕ್ಕೆ ಲೋಟ ಹಿಡಿಯುವ ಶಕ್ತಿಯೂ ಬರಲಿಲ್ಲ.

ಅಲ್ಲಿಂದ ಮುಂದೆ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ನಂಬಿಕೆ. ಬೆಳಗ್ಗೆ ಗಡಿಬಿಡಿಯಲ್ಲಿ ಮಷಿನ್ನಿಗೆ ಕಾಲು ತಾಗಿಸಿದ್ದೆ, ಅದಕ್ಕೇ ದೇವರು ಮುನಿಸಿಕೊಂಡಿತು ಅಂತ ನಿಂಗಪ್ಪ. ದುರುಗವ್ವ ಮಾತ್ರ ಮಷಿನ್ನನ್ನು ರಿಪೇರಿಗೆ ಕೊಟ್ಟ ಅಂಗಡಿಯ ಸಾಬರ ಮುಂದೆ ಕೂತು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. "ಕರೆಂಟಿಗೆ ನೆಲಕ್ಕೆ ಇಳಿಯಾಕೆ ಒಂದು ದಾರಿ ಬೇಕಮ್ಮಾ. ರಾಡು ಹೊಡೆದು ವೈರು ಸರಿಯಾಗಿ ಬಿಗಿದಿದ್ರೆ ಅದು ದಾರಿ. ಇಲ್ಲಾಂದ್ರೆ ಒದ್ದೆ ಕಾಲಲ್ಲಿ ನಿಂತೋರ ಮೈಯೇ ದಾರಿ. ಚಪ್ಪಲಿ ಒಂದನ್ನೇ ನೆಚ್ಕೋಬ್ಯಾಡ್ರಿ. ರಾಡು, ವೈರು, ಒಣ ನೆಲ, ಒಣ ಕೈ, ಇವೆಲ್ಲ ನೋಡಿ ಆಮ್ಯಾಲೆ ಚಪ್ಪಲಿ." ಅವಳು ಅಷ್ಟನ್ನೂ ಬಾಯಿಪಾಠ ಮಾಡಿದಳು. ಗಂಡನ ಬದಲು ತಾನೇ ಕೆಲಸಕ್ಕೆ ನಿಂತಳು. ಸವೆದ ವೈರಿಗೆ ಟೇಪು ಸುತ್ತುವ ಅಭ್ಯಾಸವನ್ನೇ ಬಿಟ್ಟು ಹೊಸ ವೈರು ಹಾಕಿಸಿದಳು.

ಅವಳು ಮೊದಲ ಸಲ ಚಪ್ಪಲಿ ಹಾಕಿಕೊಂಡು ಮಷಿನ್ನು ಮುಟ್ಟಿದ ದಿನ ನಿಂಗಪ್ಪ ಊಟ ಬಿಟ್ಟ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಮ್ಮವ್ವನ ಮಾತು ನಿನ್ನ ಕಾಲ ಕೆಳಗೆ ಹಾಕ್ಕೊಂಡೆ" ಅಂದ, ಅಷ್ಟೆ. ಆರು ವರ್ಷವಾದರೂ ಅವಳು ಕೆಲಸಕ್ಕೆ ಹೊರಡುವಾಗ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಹೆಂಡತಿಗೆ ಯಜಮಾನಿಕೆಯ ರುಚಿ ಹತ್ತಿದೆ, ಅದಕ್ಕೇ ತನ್ನನ್ನು ಮಷಿನ್ನಿನ ಹತ್ತಿರ ಬಿಡುವುದಿಲ್ಲ ಅಂತ ಅವನ ಮನಸ್ಸಿಗೆ. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಕೇಳಿಯೂ ನುಂಗಿಕೊಂಡಿದ್ದಳು.

ಹೀಗಿರುವಾಗ ಈ ವರ್ಷ ಹರಿಹರದಿಂದ ಅದೇ ಹಾಲೇಶಪ್ಪನವರ ಫೋನು ಬಂತು. ಚಿಕ್ಕ ಮಗಳ ನಿಶ್ಚಿತಾರ್ಥ. ಅವತ್ತೇ ಲೈನಿನ ಕೆಲಸ ಇದೆ, ಬೆಳಗ್ಗೆ ಒಂಬತ್ತರಿಂದ ಕರೆಂಟಿಲ್ಲ. "ನಿಂಗಪ್ಪನ್ನ ಕರ್ಕೊಂಡು ಬಾರಮ್ಮಾ. ಅವನ ಕೈಲೇ ಚಾಲೂ ಮಾಡಿಸಾನ. ಅವತ್ತಿನಿಂದ ನಮ್ಮ ಮನೆಗೆ ಒಂದು ಕಳಂಕ ಅಂಟಿದಂಗೆ ಐತೆ, ಅದು ಕಳೀಲಿ."

ಒಳ್ಳೆ ಮನಸ್ಸಿನಿಂದ ಆಡಿದ ಮಾತು. ದುರುಗವ್ವ ಮಾತ್ರ ಮೊದಲು ಗಂಡನ ಕಡೆ ನೋಡಿದಳು. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಿಂಗಪ್ಪ ಎದ್ದು ಕೂತಿದ್ದ. ಆರು ವರ್ಷದಲ್ಲಿ ಆ ಮುಖದ ಮೇಲೆ ಅಂಥ ಕಳೆಯನ್ನು ಅವಳು ನೋಡಿರಲಿಲ್ಲ. ಬೇಡ ಅನ್ನುವುದು ಹೇಗೆ? ಹೂಂ ಅಂದರೆ ಅದೇ ಅಂಗಳ, ಅದೇ ಬರಿಗಾಲು.

"ಬರ್ರಿ, ಬ್ಯಾಡ ಅನ್ನಾದಿಲ್ಲ" ಅಂದಳು. "ಚಪ್ಪಲಿ ಹಾಕ್ಕೋಬೇಕು, ಅಷ್ಟೇ."

"ಆಗಾದಿಲ್ಲ."

"ಅತ್ತೆ ಇದ್ದಿದ್ರೆ ನಾನೇ ಕೇಳ್ತಿದ್ದೆ, ನಿಮ್ಮ ಆಣೆ ದೊಡ್ಡದೋ ಮಗನ ಜೀವ ದೊಡ್ಡದೋ ಅಂತ."

"ಅವ್ವ ಇಲ್ಲ. ಅದಕ್ಕೇ ಮೀರಾಕೆ ಆಗಾದಿಲ್ಲ" ಅಂದ ನಿಂಗಪ್ಪ.

ನಿಶ್ಚಿತಾರ್ಥದ ದಿನ ಬೆಳಕು ಹರಿಯುವಷ್ಟರಲ್ಲಿ ಬಕ್ಕೇಶನ ಲಗೇಜ್ ಆಟೊಗೆ ಮಷಿನ್ನು ಏರಿಸಿದರು. ಹರಿಹರ ತಲುಪುವ ತನಕ ಗಂಡ ಹೆಂಡತಿ ಒಂದು ಮಾತೂ ಆಡಲಿಲ್ಲ. ನಡುವೆ ಕೂತು ಆಟೊ ಓಡಿಸುತ್ತಿದ್ದ ಬಕ್ಕೇಶ ಇಬ್ಬರ ಮುಖವನ್ನೂ ನೋಡಿ, "ನೀವಿಬ್ರೂ ನಿಶ್ಚಿತಾರ್ಥಕ್ಕೆ ಹೊಂಟೀರೋ ಪಂಚಾಯ್ತಿಗೋ?" ಅಂತ ನಗಿಸಲು ನೋಡಿ ಸೋತ. ನಿಂಗಪ್ಪ ಒಗೆದ ಪಂಚೆ ಉಟ್ಟಿದ್ದ. ಎಡಗೈಯನ್ನು ಮಡಚಿ ಬಿಚ್ಚಿ, ಹಗ್ಗ ಎಳೆಯುವ ತಾಲೀಮು ಮಾಡುತ್ತಿದ್ದ. ಅದನ್ನು ನೋಡಿ ದುರುಗವ್ವನಿಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು.

ಹೋದವಳೇ ಮೊದಲು ಮಷಿನ್ನನ್ನು ಕಿಟಕಿ ಬಾಗಿಲುಗಳಿಂದ ದೂರ, ಅಂಗಳದ ಮೂಲೆಯ ಬಯಲಲ್ಲಿ ಇಳಿಸಿದಳು, ಹೊಗೆ ಒಳಗೆ ನುಗ್ಗಬಾರದಲ್ಲ. ಇನ್ನೂ ರಂಗೋಲಿ ಬಿದ್ದಿರಲಿಲ್ಲ. ಯಾರನ್ನೂ ಕೇಳದೆ ಸುತ್ತಿಗೆ ತೆಗೆದು ರಾಡು ಹೊಡೆಯತೊಡಗಿದಳು. ಹಾಲೇಶಪ್ಪನವರ ಹೆಂಡತಿ ಅಕ್ಕನಾಗಮ್ಮ ಸದ್ದು ಕೇಳಿ ಓಡಿ ಬಂದರು. ಬಂದವರು ಹಳೆಯದು ನೆನಪಾಗಿ, "ಹೊಡಿಯವ್ವಾ, ಆಳಕ್ಕೇ ಹೊಡಿ" ಅಂದರು. ದುರುಗವ್ವ ವೈರುಗಳ ಮೇಲೆ ಮಾರು ಮಾರಿಗೂ ಕೈಯಾಡಿಸಿ ನೋಡಿದಳು. ಅಷ್ಟಾದ ಮೇಲೂ ಇನ್ನೊಮ್ಮೆ ಮೊದಲಿಂದ ನೋಡಿದಳು. ಆರು ವರ್ಷದ ಹಿಂದೆಯೂ ಎಲ್ಲ ಸರಿಯಿದೆ ಅಂತಲೇ ಅಲ್ಲವೇ ಅವನು ಕೈ ಇಟ್ಟದ್ದು?

ಒಂಬತ್ತಕ್ಕೆ ಕರೆಂಟು ಹೋಯಿತು. ಅಷ್ಟರಲ್ಲಿ ಮನೆಯ ಹೆಣ್ಣುಮಕ್ಕಳು ಅಂಗಳವನ್ನು ಕೊಡಗಟ್ಟಲೆ ನೀರು ಹೊಯ್ದು ತೊಳೆದಿದ್ದರು. ಅದು ಹರಿದು ಮಷಿನ್ನಿನ ಸುತ್ತಲೂ ಪಸೆ ಪಸೆ. ಗಂಡಿನ ಕಡೆಯವರು ಬಂದು ಕೂತಿದ್ದರು. ಹಾಲೇಶಪ್ಪನವರು ನಿಂಗಪ್ಪನ ಹೆಗಲ ಮೇಲೆ ಕೈ ಹಾಕಿ, "ಬಾರಪ್ಪಾ, ನಿನ್ನ ಕೈ ಗುಣ ನೋಡಾನ" ಅಂದರು. ನಿಂಗಪ್ಪ ಗೇಟಿನ ಹತ್ತಿರ ನಿಂತು ಚಪ್ಪಲಿ ಬಿಟ್ಟ. ಎಡಗಾಲು ಆಯಿತು, ಬಲಗಾಲು ಆಯಿತು. ಆ ಒದ್ದೆ ನೆಲದ ಮೇಲೆ ಅವನ ಬರಿಯ ಪಾದವನ್ನು ದುರುಗವ್ವ ನೋಡಿದಳು.

ಅಡ್ಡ ಹೋಗಿ ನಿಂತಳು. ಎಲ್ಲರೂ ನೋಡುತ್ತಿದ್ದರು. ನಿಂಗಪ್ಪನ ಮುಖ ಕೆಂಪಾಯಿತು. ಈಗ ಕೂಗಾಡಿದರೆ ಅವನು ನಿಲ್ಲುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಆದರೆ ಹೆಂಡತಿ ಗದರಿ ನಿಲ್ಲಿಸಿದಳು ಅನ್ನುವ ಅವಮಾನ ಹೊತ್ತುಕೊಂಡು ಈ ಮನುಷ್ಯ ಇನ್ನು ಎಷ್ಟು ವರ್ಷ ಗೋಡೆಯ ಕಡೆ ತಿರುಗಿ ಮಲಗಬೇಕು? ಕೂಗಾಡದೆ ದಾರಿ ಬಿಟ್ಟರೋ, ಅದು ಅವಳ ಕೈಲಾಗದ ಮಾತು. ಒಳಗೆ ಹುಡುಗಿಯನ್ನು ಹಸೆಮಣೆಗೆ ಕೂರಿಸುವ ತಯಾರಿ ನಡೆದಿತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, ದುರುಗವ್ವ ದೊಡ್ಡ ದನಿ ತೆಗೆದಳು.

"ಅಕ್ಕನಾಗಮ್ಮಾರೇ! ಇದೇನ್ರಿ, ನಮ್ಮ ಯಜಮಾನ್ರು ಆರು ವರ್ಷದ ಮ್ಯಾಲೆ ಶುಭ ಕೆಲಸಕ್ಕೆ ಕೈ ಹಾಕಾಕ್ಹತ್ತಾರೆ, ಬರಿ ನೆಲದ ಮ್ಯಾಲೆ ನಿಂದ್ರಿಸ್ತೀರಾ? ಒಂದು ಮಣೆ ಕೊಡ್ರಿ!"

"ಅಯ್ಯೋ, ಹೌದಲ್ಲವ್ವಾ!" ಅಂತ ಅಕ್ಕನಾಗಮ್ಮ ಒಳಗೋಡಿ ಮಣೆ ತಂದರು. ಆಗ ತಾನೇ ತೊಳೆದದ್ದು, ನೀರು ತೊಟ್ಟಿಕ್ಕುತ್ತಿತ್ತು. "ಒದ್ದೇದು ಬ್ಯಾಡ್ರಿ, ಒಣಗಿದ್ದು ಕೊಡ್ರಿ" ಅಂದಳು ದುರುಗವ್ವ. ಅಟ್ಟದ ಮೇಲಿಂದ ಮದುವೆಯ ಎರಡು ದಪ್ಪ ಮಣೆ ಇಳಿದು ಬಂದವು. ಕೆಳಗೆ ಇಟ್ಟಿಗೆ ಜೋಡಿಸಿ, ಮಣೆ ಅದರ ಮೇಲಿಟ್ಟು, ತನ್ನ ಸೆರಗಿನಿಂದಲೇ ಉಜ್ಜಿ ಒರೆಸಿ, ಕೈಯೂರಿ ಅಲುಗಾಡಿಸಿ ನೋಡಿದಳು. ಗಂಡನ ಎರಡು ಪಾದವನ್ನೂ ಒರೆಸಿದಳು. ನೋಡಿದವರಿಗೆ ಅದು ಗಂಡನ ಮೇಲಿನ ಗೌರವ. ಗೌರವವೂ ಇತ್ತು, ಇಲ್ಲ ಅಂದವರು ಯಾರು?

ನಿಂಗಪ್ಪ ಮದುಮಗನ ಹಾಗೆ ಮಣೆ ಏರಿ ನಿಂತ. ಮಷಿನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗೈಯಿಂದ ಹಗ್ಗ ಎಳೆದ. ಮೊದಲ ಸಲ ಹೊತ್ತಲಿಲ್ಲ, ಎರಡನೇ ಸಲವೂ ಇಲ್ಲ. ಮೂರನೇ ಸಲ ಹಲ್ಲು ಕಚ್ಚಿ ಎಳೆದಾಗ ಮಷಿನ್ನು ಗುಡುಗುಡು ಅಂದಿತು. ಸ್ವಿಚ್ಚು ಒತ್ತಿದ, ಚಪ್ಪರದ ಫ್ಯಾನುಗಳು ತಿರುಗಿದವು, ಮೈಕು ಕೊರ್ ಅಂದಿತು, ಜನ ಚಪ್ಪಾಳೆ ತಟ್ಟಿದರು. ದುರುಗವ್ವ ಒಂದು ಕೈಯಲ್ಲಿ ಒಣ ಕೋಲು ಹಿಡಿದು, ಸ್ವಿಚ್ಚಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತಿದ್ದಳು.

ಜನ ಒಳಗೆ ಹೋದ ಮೇಲೂ ನಿಂಗಪ್ಪ ಮಣೆಯಿಂದ ಇಳಿಯಲಿಲ್ಲ. "ಮಣೆ ಯಾಕೆ ಹಾಕ್ಸಿದೆ ಅಂತ ಗೊತ್ತು ನಂಗೆ" ಅಂದ ಮೆಲ್ಲಗೆ. "ಅಷ್ಟು ಹೆದರಿಕೆ ಆತೇನೇ?"

ಆಗ ದುರುಗವ್ವನಿಗೆ ತಡೆಯಲಾಗಲಿಲ್ಲ. "ಇವತ್ತು ಮಾತ್ರ ಅಂತ ತಿಳ್ಕೊಂಡ್ರಾ? ಆರು ವರ್ಷದಿಂದ ದಿನಾ ಹೆದರ್ಕೊಂಡೇ ಮಷಿನ್ನು ಮುಟ್ತೀನಿ. ಹಗ್ಗ ಎಳೆದಾಗೆಲ್ಲ ನಿಮ್ಮ ಕೈ ಅಂಟ್ಕೊಂಡಿದ್ದೇ ಕಣ್ಣಿಗೆ ಕಟ್ತತಿ. ನಂಗೇನು ಯಜಮಾನಿಕೆ ಬೇಕಿತ್ತಾ? ನಿಮ್ಮವ್ವನ ಮ್ಯಾಲೆ ಸಿಟ್ಟಿತ್ತಾ? ನೀವು ಬೇಕಿತ್ತು ನಂಗೆ. ಬದುಕಿರಬೇಕಿತ್ತು, ಅಷ್ಟೇ."

ನಿಂಗಪ್ಪ ಎಡಗೈ ಚಾಚಿ ಅವಳ ಕೈಯಲ್ಲಿದ್ದ ಕೋಲು ತಗೊಂಡು ಪಕ್ಕಕ್ಕಿಟ್ಟ.

ನಿಶ್ಚಿತಾರ್ಥ ಸಾಂಗವಾಗಿ ಮುಗಿಯಿತು. ಮಧ್ಯಾಹ್ನ ಊಟದ ಪಂಕ್ತಿ. ಚಪ್ಪಲಿಯೆಲ್ಲ ಊಟದ ಚಪ್ಪರದ ಬಾಗಿಲಲ್ಲಿ ರಾಶಿ ಬಿದ್ದಿದ್ದವು, ದುರುಗವ್ವನದೂ ಅದರಲ್ಲೇ. ಅವಳು ಹೋಳಿಗೆ ಮುರಿದು ತುಪ್ಪಕ್ಕೆ ಅದ್ದುತ್ತಿದ್ದಳು, ಹೊರಗೆ ಮಷಿನ್ನು ಉಸಿರು ಕಟ್ಟಿದ ಹಾಗೆ ಗೊರಗೊರ ಅನ್ನತೊಡಗಿತು. ಯಾರೋ ಹೆಚ್ಚಿನ ಲೋಡು ಹಾಕಿದ್ದಾರೆ! ಇನ್ನೊಂದು ಗಳಿಗೆ ಬಿಟ್ಟರೆ ವೈರು ಸುಡುತ್ತದೆ. ದುರುಗವ್ವ ದಡಬಡಿಸಿ ಎದ್ದಳು. ಕೈ ಮೇಲೆ ಒಂದು ಚೊಂಬು ನೀರು ಸುರುವಿಕೊಂಡವಳು, ರಾಶಿಯಲ್ಲಿ ಚಪ್ಪಲಿ ಹುಡುಕುವ ವ್ಯವಧಾನವೂ ಇಲ್ಲದೆ ಹಾಗೇ ಓಡಿದಳು. ಊರಿಗೆಲ್ಲ ಪಾಠ ಹೇಳಿದ ಹೆಂಗಸು ಒದ್ದೆ ಕೈ, ಬರಿಗಾಲು, ಹಸಿ ನೆಲ, ಮೂರನ್ನೂ ಒಟ್ಟಿಗೆ ಮರೆತಿದ್ದಳು.

"ದುರುಗವ್ವಾ! ನಿಂದ್ರು! ಮುಟ್ಟಬ್ಯಾಡ!"

ಚಪ್ಪರವೇ ಬೆಚ್ಚಿ ಬೀಳುವಂಥ ಕೂಗು. ಚಾಚಿದ ಕೈ ಗೇಣು ದೂರದಲ್ಲಿ ನಿಂತಿತು. ತಿರುಗಿ ನೋಡಿದರೆ ನಿಂಗಪ್ಪ ಓಡಿ ಬರುತ್ತಿದ್ದಾನೆ. ಎಡಗೈಯಲ್ಲಿ ಅವಳ ಚಪ್ಪಲಿ! ಊಟಕ್ಕೆ ಕೂತ ಬೀಗರೆಲ್ಲ ಕೈಯಲ್ಲಿ ತುತ್ತು ಹಿಡಿದುಕೊಂಡೇ ನೋಡಿದರು. ಗಂಡಸು ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ಅವರು ಎಲ್ಲಿ ಕಂಡಿದ್ದರು? ನಿಂಗಪ್ಪನಿಗೆ ಅದರ ಪರಿವೆ ಇರಲಿಲ್ಲ. ಬಗ್ಗಿದ, ಕುಂಕುಮ ಹಚ್ಚಿದ ಆ ಮಷಿನ್ನಿನ ಎದುರಿಗೇ ಚಪ್ಪಲಿಯನ್ನು ಅವಳ ಪಾದದ ಮುಂದೆ ಜೋಡಿಸಿಟ್ಟ, ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟ.

"ಕೈ ಒರೆಸ್ಕೋ. ಮೆಟ್ಕೊಂಡು ಮುಟ್ಟು."

ಅವಳು ಕೈ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿದಳು, ಸ್ವಿಚ್ಚು ಆರಿಸಿದಳು. ನೀರು ಕಾಯಿಸುವ ಕಾಯಿಲನ್ನು ಜನರೇಟರಿನ ವೈರಿಗೆ ಚುಚ್ಚಿದ್ದು ಅಡುಗೆಯವರು ಅಂತ ಗೊತ್ತಾಗಿ, ಅದನ್ನು ಕೀಳಿಸಿದಳು. ಬೈಯಬೇಕು ಅಂತ ಬಾಯಿ ತೆರೆದವಳು, ಬೈಯದೆ ಗಂಡನ ಕಡೆ ತಿರುಗಿದಳು.

"ಏನ್ರಿ ಇದು" ಅಂದಳು ಗಂಡನಿಗೆ. "ಈ ಮಷಿನ್ನಿನ ಮುಂದೆ ನೀವೇ ಚಪ್ಪಲಿ ತಂದು ಇಟ್ರಲ್ಲ. ಅತ್ತೆ ನೋಡಿದ್ರೆ ಏನಂತಿದ್ರು?"

ನಿಂಗಪ್ಪ ಇನ್ನೂ ಏದುಸಿರು ಬಿಡುತ್ತಿದ್ದ. ಎರಡು ಬೆರಳಿಲ್ಲದ ಬಲಗೈಯಿಂದ ಮುಖದ ಬೆವರು ಒರೆಸಿಕೊಂಡ.

"ಅವ್ವ ಇಲ್ಲಿದ್ದಿದ್ರೆ ನನಗಿಂತ ಮೊದಲು ಅವಳೇ ತರ್ತಿದ್ಲು ಕಣೇ" ಅಂದ.

ದುರುಗವ್ವ ಅಷ್ಟು ಜನರ ಎದುರಿಗೇ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.